ಮ್ಯಾಗಝಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಲ್ಲ

ನಿಮ್ಮ ಪ್ರಶ್ನೆ ಓದಿದೆ. ಟೆಕ್ಸಾಸಿನ ಇರ್ವಿಂಗಿಗೆ ಬಂದು ಎರಡು ತಿಂಗಳು. ಆಫೀಸಿನ ಗೆಳೆಯ ಮನೆಗೆ ಊಟಕ್ಕೆ ಕರೆದ. ಊಟ ಮುಗಿದ ಮೇಲೆ ಡ್ರಾಯರಿನಿಂದ ಪಿಸ್ತೂಲು ತೆಗೆದು, ಗುಂಡು ತುಂಬುವ ಮ್ಯಾಗಝಿನ್ ಜಾರಿಸಿ, "ಈಗ ಖಾಲಿ, ಹಿಡಿದು ನೋಡು" ಅಂತ ಕೈಗೆ ಕೊಟ್ಟ. ನೀವು ಹಿಡಿದಿರಿ. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು ಅಂತ ಬರೆದಿದ್ದೀರಿ. ಈ ಶನಿವಾರ ಶೂಟಿಂಗ್ ರೇಂಜಿಗೆ ಕರೆದಿದ್ದಾನೆ, ಹೋಗಲಾ ಬೇಡವಾ? ಮಗಳನ್ನು ಇಲ್ಲಿ ಗೆಳತಿಯರ ಮನೆಗೆ ಆಡಲು ಕಳಿಸುವುದು ಹೇಗೆ? ಇವು ನಿಮ್ಮ ಪ್ರಶ್ನೆಗಳು.

ನಾನು ಟೆಕ್ಸಾಸಿಗೆ ಬಂದು ಹದಿನೆಂಟು ವರ್ಷವಾಯಿತು. ನಿಮ್ಮ ಕೈ ನಡುಗಿದ್ದರಲ್ಲಿ ತಪ್ಪೇನೂ ಇಲ್ಲ. ಅವನು ಪಿಸ್ತೂಲಿನ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಎಳೆದು ಒಳಗೆ ತೋರಿಸಿದನಾ? ಅದನ್ನು ನೀವು ಬರೆದಿಲ್ಲ. ತೋರಿಸಿರದಿದ್ದರೆ, ಅದು ಖಾಲಿ ಅನ್ನುವುದು ಅವನ ನಂಬಿಕೆ ಅಷ್ಟೇ.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಅದು ರಾಜ್ಯದ ಮಾತು. ನಿಮ್ಮದು ಎಚ್-1ಬಿ, ಕೆಲಸದ ವೀಸಾ. ಎಚ್-1ಬಿ, ಓದಲು ಬಂದವರ ಎಫ್-1 ಅಂಥ ವೀಸಾದವರು ಬಂದೂಕಾಗಲೀ ಗುಂಡಾಗಲೀ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ಅಡ್ಡ ಬರುತ್ತದೆ. ಕೆಲವು ವಿನಾಯಿತಿ ಇವೆ. ಜನ ಜಾಸ್ತಿ ಬಳಸುವುದು ಬೇಟೆಯ ಲೈಸೆನ್ಸ್. ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ತಗೊಂಡು ಹೊಡೆಯುವುದಕ್ಕೂ ಇದೇ ಲೆಕ್ಕ. ಗೆಳೆಯ ಇಲ್ಲೇ ಹುಟ್ಟಿ ಬೆಳೆದವನಾದರೆ ಅವನಿಗೆ ಇದು ಗೊತ್ತೇ ಇರುವುದಿಲ್ಲ, ಪಾಪ. ನಿಮ್ಮ ಇಮಿಗ್ರೇಷನ್ ವಕೀಲರನ್ನು ಕೇಳುವವರೆಗೆ ಮುಟ್ಟಬೇಡಿ. ನಾನಂತೂ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಮುಟ್ಟಲಿಲ್ಲ.

ಈಗ ಆ "ಖಾಲಿ" ವಿಷಯಕ್ಕೆ ಬರೋಣ.

ನಮ್ಮದು ಸೋಮವಾರಪೇಟೆ ಕಡೆಯ ತೋಟ. ಕೊಡವರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಅಜ್ಜನ ಜೋಡುನಳಿಗೆ ಕೋವಿಗೆ ಲೈಸೆನ್ಸ್ ಇತ್ತು, ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಹಂದಿ ಓಡಿಸಿ ಮನೆಗೆ ಬಂದರೆ ಅಂಗಳದಲ್ಲೇ ಕೋವಿಯನ್ನು ನಡುವಿಗೆ ಮಡಿಸಿ, ತೋಟಾ ತೆಗೆದು, ನಳಿಗೆ ಎತ್ತಿ ಹಿಡಿದು ಒಳಗಿನಿಂದ ಆಕಾಶ ನೋಡಿ, ಆಮೇಲೇ ಹೊಸಿಲು ದಾಟುತ್ತಿದ್ದರು. ಎರಡು ತೂತಿನಲ್ಲೂ ಬೆಳಕು ಕಂಡರೆ ಖಾಲಿ. ಇದನ್ನು ನೋಡಿ ಬೆಳೆದ ನನಗೆ ಬಂದೂಕು ಗೊತ್ತು ಅಂತ ಜಂಭ ಇತ್ತು.

ಪಿಸ್ತೂಲು ಹಾಗೆ ಹೊಟ್ಟೆ ಬಿಚ್ಚಿ ತೋರಿಸುವುದಿಲ್ಲ. ಹಿಡಿಯೊಳಗೆ ಮ್ಯಾಗಝಿನ್ ಇರುತ್ತದೆ, ಅದರ ಸ್ಪ್ರಿಂಗು ಗುಂಡುಗಳನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಟ್ಟರೆ, ಅದು ಮುಂದೆ ಹೋಗುವಾಗ ತುದಿಯ ಗುಂಡನ್ನು ನೂಕಿಕೊಂಡು ಹೋಗಿ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಸೇರಿಸುತ್ತದೆ. ಆ ಗುಂಡಿಗೂ ಮ್ಯಾಗಝಿನ್ನಿಗೂ ಇನ್ನು ಸಂಬಂಧವಿಲ್ಲ. ಮ್ಯಾಗಝಿನ್ ಕಿತ್ತು ಮೇಜಿನ ಮೇಲಿಟ್ಟರೂ ಅದು ಒಳಗೇ ಕೂತಿರುತ್ತದೆ. ಮ್ಯಾಗಝಿನ್ ಇಲ್ಲದಿದ್ದರೆ ಸಿಡಿಯದ ಪಿಸ್ತೂಲುಗಳೂ ಇವೆ, ಆದರೆ ಗ್ಲಾಕ್ ಕಂಪನಿಯದ್ದು ಸೇರಿದಂತೆ ಬಹಳಷ್ಟು ಪಿಸ್ತೂಲುಗಳು ಟ್ರಿಗರ್ ಒತ್ತಿದರೆ ಸಿಡಿಯುತ್ತವೆ.

ನನ್ನ ಜಂಭ ಇಳಿದದ್ದು ಹೀಗೆ. ರೇಂಜಿಗೆ ಹೋಗಲು ಶುರು ಮಾಡಿದ ಹೊಸತು. "ಸೀಸ್ ಫೈರ್" ಅಂತ ಕೂಗಿದರು. ಅಂದರೆ ಎಲ್ಲರೂ ಹೊಡೆಯುವುದು ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ಸ್ಲೈಡ್ ತೆರೆದೇ ಇಟ್ಟು ಹಿಂದೆ ಸರಿಯಬೇಕು. ನಾನು ಗಡಿಬಿಡಿಯಲ್ಲಿ ಮೊದಲು ಸ್ಲೈಡ್ ಎಳೆದೆ. ಒಂದು ಗುಂಡು ಠಣ್ ಅಂತ ಹಾರಿ ಮೇಜಿನ ಮೇಲೆ ಬಿತ್ತು. ಆಮೇಲೆ ಮ್ಯಾಗಝಿನ್ ತೆಗೆದೆ. ಪಿಸ್ತೂಲು ಇಟ್ಟು ಹಿಂದೆ ಬಂದೆ. ಮೇಲ್ವಿಚಾರಕ ಬಂದು ಏನೂ ಮಾತಾಡದೆ ಸ್ಲೈಡ್ ಎಳೆದು ತೋರಿಸಿದ. ಇನ್ನೊಂದು ಗುಂಡು ಹಾರಿ ಬಿತ್ತು.

ಏನಾಗಿತ್ತು ಅಂದರೆ, ನಾನು ಸ್ಲೈಡ್ ಎಳೆದಾಗ ಮ್ಯಾಗಝಿನ್ ಇನ್ನೂ ಒಳಗೇ ಇತ್ತು. ಹಳೆಯ ಗುಂಡು ಹೊರಗೆ, ಅದೇ ಏಟಿಗೆ ಹೊಸದು ಒಳಗೆ. ಹೊರಗೆ ಬಿದ್ದ ಗುಂಡು ಕಣ್ಣಿಗೆ ಕಂಡಿತು, ಸದ್ದೂ ಮಾಡಿತು. ಒಳಗೆ ಹೋದದ್ದು ಕಾಣಲಿಲ್ಲ. ಮಾಡಿದ ಕೆಲಸ ಎರಡೂ ಸರಿ, ಕ್ರಮ ಮಾತ್ರ ತಿರುಗುಮುರುಗು. ಮ್ಯಾಗಝಿನ್ ಮೊದಲು, ಸ್ಲೈಡ್ ಆಮೇಲೆ. ಸ್ಲೈಡನ್ನು ಹಿಂದೆ ಸಿಕ್ಕಿಸಿ ನಿಲ್ಲಿಸಿ ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು, ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ಅಜ್ಜ ಆಕಾಶ ನೋಡುತ್ತಿದ್ದದ್ದೂ ಇದಕ್ಕೇ ತಾನೇ!

ಇನ್ನೊಂದು ಸಲ, ಸ್ಲೈಡ್ ತೆರೆದಿದ್ದಾಗ ಮ್ಯಾಗಝಿನ್ನನ್ನು ಅಂಗೈಯಿಂದ ಜೋರಾಗಿ ತಟ್ಟಿ ಹಾಕಿದೆ. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಆ ಅದುರಿಗೇ ಸ್ಲೈಡ್ ಕಳಚಿಕೊಂಡು ಮುಂದೆ ಬಡಿಯಿತು, ಗುಂಡು ಚೇಂಬರಿಗೆ ಕೂತಿತು. ಕೆಲವು ಪಿಸ್ತೂಲುಗಳು ಹೀಗೆ ಮಾಡುತ್ತವೆ, ಅದೂ ಪ್ರತಿ ಸಲ ಅಲ್ಲ. ಆಗ ಬೆರಳು ಟ್ರಿಗರಿನ ಮೇಲಿರಲಿಲ್ಲ, ನಳಿಗೆ ಗುರಿಯ ಕಡೆಗಿತ್ತು. ಹಾಗಾಗಿ ಬೆಚ್ಚಿಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ.

ಇದು ನಮ್ಮಂಥ ಕಲಿಯುವವರ ಕಥೆ ಮಾತ್ರ ಅಂದುಕೊಳ್ಳಬೇಡಿ. 2004ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಮಾದಕ ವಸ್ತು ತಡೆ ಇಲಾಖೆಯ ಅಧಿಕಾರಿಯೊಬ್ಬರು ಮಕ್ಕಳಿಗೆ ಬಂದೂಕಿನ ಅಪಾಯದ ಬಗ್ಗೆ ಪಾಠ ಮಾಡುತ್ತಾ, ಮಕ್ಕಳೆದುರೇ ತಮ್ಮ ಕಾಲಿಗೆ ಗುಂಡು ಹಾರಿಸಿಕೊಂಡರು. ಗ್ಲಾಕಿನದ್ದು ಇನ್ನೊಂದು ಫಜೀತಿ. ಒರೆಸಿ ಎಣ್ಣೆ ಹಾಕಲು ಅದನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಒಳಗೆ ಒಂದು ಗುಂಡು ಉಳಿದಿದ್ದರೆ ಗೋಡೆಗೋ, ಪಕ್ಕದ ಕೋಣೆಗೋ, ಅಂಗೈಗೋ.

ಹಾಗಾಗಿ ಇನ್ನು ಮೇಲೆ ಯಾರಾದರೂ "ಖಾಲಿ" ಅಂತ ಚಾಚಿದರೆ ಕೈ ಮುಂದೆ ಮಾಡಬೇಡಿ. "ತೆರೆದು ತೋರಿಸಿ" ಅನ್ನಿ. ನೆಂಟರ ಮನೆಯಲ್ಲಿ ತಟ್ಟೆ ತಳ್ಳಿದ ಹಾಗೆ ಆಗುತ್ತದೆ ಅಂತ ನಮ್ಮವರಿಗೆ ಸಂಕೋಚ. ಪಳಗಿದ ಶೂಟರ್‌ಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಒಬ್ಬರು ಪರೀಕ್ಷಿಸಿ ಕೊಟ್ಟದ್ದನ್ನು ತಗೊಂಡವರು ಮತ್ತೆ ಪರೀಕ್ಷಿಸುವುದು ಅವರಲ್ಲಿ ಮರ್ಯಾದೆ. ಮುಖ ಗಂಟಿಕ್ಕಿದರೆ ಅವನ ಜೊತೆ ರೇಂಜಿಗೆ ಹೋಗುವುದೇ ಬೇಡ ಮಾರಾಯ್ರೇ.

ಶನಿವಾರ ಹೋಗಿ, ನೋಡಲು ಮಾತ್ರ. ಕತ್ತಿನವರೆಗೆ ಮುಚ್ಚುವ ಅಂಗಿ, ಶೂ ಹಾಕಿಕೊಳ್ಳಿ. ಪಕ್ಕದವರ ಪಿಸ್ತೂಲಿನಿಂದ ಹಾರಿದ ಖಾಲಿ ಹಿತ್ತಾಳೆ ಕೊಳವೆ ಕೆಂಡದ ಹಾಗೆ ಸುಡುತ್ತದೆ. ಅಂಗಿಯೊಳಗೆ ಬಿದ್ದರೆ ಕುಣಿಯುವಂತಾಗುತ್ತದೆ, ಕೈಯಲ್ಲಿ ಪಿಸ್ತೂಲು ಹಿಡಿದು ಕುಣಿದವರನ್ನು ನಾನು ನೋಡಿದ್ದೇನೆ. ಕಿವಿಗೆ, ಕಣ್ಣಿಗೆ ರಕ್ಷಣೆ ಅಲ್ಲೇ ಸಿಗುತ್ತದೆ. ಹೊರಗೆ ಬಂದ ತಕ್ಷಣ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಅಲ್ಲಿ ಸೀಸದ ಪುಡಿ ಇರುತ್ತದೆ. ಆಮೇಲೆ ತಿಂಡಿ.

ಮಗಳ ವಿಷಯ. ಕೇಳಿಯೇ ಕಳಿಸಿ. "ಮನೆಯಲ್ಲಿ ನಾಯಿ ಇದೆಯಾ, ಇವಳಿಗೆ ಕಡಲೆಕಾಯಿ ಆಗುವುದಿಲ್ಲ" ಅನ್ನುವ ಮಾತಿನ ಜೊತೆಗೇ "ಬಂದೂಕು ಇದ್ದರೆ ಬೀಗದಲ್ಲಿದೆಯಾ?" ಅಂತ ಸೇರಿಸಿಬಿಡಿ. 17ರೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಬಿಡುವುದು ಇಲ್ಲಿ ಅಪರಾಧ. ಆ ಕಾನೂನು ಗುಂಡು ಚೇಂಬರಿನಲ್ಲಿತ್ತೋ ಮ್ಯಾಗಝಿನ್ನಿನಲ್ಲಿತ್ತೋ ಅಂತ ಭೇದ ಮಾಡುವುದಿಲ್ಲ.

ಮುಂದಿನ ಭಾನುವಾರ ಮೂವರೂ ನಮ್ಮ ಮನೆಗೆ ಬನ್ನಿ, ಕಡುಬು ಮಾಡುತ್ತೇವೆ. ನಮ್ಮ ಮನೆಯಲ್ಲೂ ಒಂದು ಪಿಸ್ತೂಲಿದೆ, ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದಲ್ಲಿ. ಗುಂಡು ಬೇರೆ ಪೆಟ್ಟಿಗೆಯಲ್ಲಿ. ನಿಮ್ಮ ಮನೆಯವರು ಬಾಗಿಲಲ್ಲೇ ನಿಂತು ಕೇಳಿದರೂ ನಾವೇನೂ ಅಂದುಕೊಳ್ಳುವುದಿಲ್ಲ.