ಬಾಡಿಗಿ ಮನಿಗೆ ಪಾಲಿನ ಸೋಲಾರ್ ಸರಿಹೋಗ್ತದೇನು?

ಅಕ್ಕಾರೆ, ಕಲಬುರಗಿಯಾಗ ಬಾಡಿಗಿ ಮನಿ, ಮಾಳಿಗಿ ನಮ್ಮದಲ್ಲ, ಊರ ಹೊರಗಿನ ಸೋಲಾರ್ ಪ್ಲಾಂಟಿನಾಗ ಪಾಲು ತಗೊಂಡು, ಅದರ ಕರೆಂಟಿನ ಹಣದಿಂದ ಬಿಲ್ ಇಳಿಸಲೇನು ಅಂತ ಕೇಳೀರಿ. ಮೊದಲು ಹನ್ನೆರಡು ತಿಂಗಳಿನ ಜೆಸ್ಕಾಂ ಕರೆಂಟ್ ಬಿಲ್ ತೆಗೆದು ಮುಂದಿಟ್ಕೊಳ್ರಿ.

ಗೃಹಜ್ಯೋತಿಯಾಗ ಸೊನ್ನಿ ಬಿಲ್ ಬರ್ತಿದ್ರ ಈ ವಿಚಾರ ಇಲ್ಲಿಗೇ ಬಿಡ್ರಿ. ಸೊನ್ನಿಯಾಗ ಏನು ಕಳೀತೀರಿ? ಮೇ ತಿಂಗಳಾಗ ನಮ್ಮ ಮನ್ಯಾಗ ಎರಡು ಕೂಲರ್ ರಾತ್ರಿಪೂರಾ ತಿರುಗಿ 214 ಯೂನಿಟ್ ಆತು. 200 ದಾಟಿದ್ರ ಬರೇ ಹದಿನಾಲ್ಕಕ್ಕಲ್ಲ, ಪೂರಾ 214ಕ್ಕೂ ರೊಕ್ಕ ಕಟ್ಟಬೇಕು. ಪಾಲು ಗೀಲು ಬ್ಯಾಡ ಅಂತ ಹಳೇ 75 ವಾಟಿನ ಫ್ಯಾನ್ ತೆಗೆದು 30 ವಾಟಿನ ಬಿಎಲ್‌ಡಿಸಿ ಹಾಕಿದೆ, ಒಂದು ಕೂಲರಿಗೆ ಟೈಮರ್ ಇಟ್ಟೆ.

ವರ್ಷಪೂರ್ತಿ 300, 400 ಯೂನಿಟ್ ಉರಿಸೋರಾದ್ರ ಮಾತು ಬ್ಯಾರೆ. ಒಂದು ಕಿಲೋವ್ಯಾಟಿನ ಪಾಲಿಗೆ ದಿನಕ್ಕ ಸರಾಸರಿ ನಾಲ್ಕು ಯೂನಿಟ್ ಹಿಡೀರಿ, ಮಳಿಗಾಲದಾಗ ಕಡಿಮಿ. ಅದರ ಹಣ ಬಿಲ್ಲಿನಾಗೇ ಕಳೀತಾರೋ, ಬ್ಯಾರೆ ಕೊಡ್ತಾರೋ? ಚಂದಾ ತಿಂಗಳಾ ಒಂದೇ ಮೊತ್ತ ಕಟ್ಟಬೇಕೋ, ಬಂದ ಯೂನಿಟ್ಟಿಗಷ್ಟೇನೋ? ಪ್ಲಾಂಟಿನವರಿಗೆ ಬರಹದಾಗ ಕೇಳ್ರಿ.

ಬಾಡಿಗಿಯವರಿಗೆ ದೊಡ್ಡ ತೊಡಕು ಇನ್ನೊಂದದ. ಆರ್‌ಆರ್ ನಂಬರ್, ಅಂದ್ರ ಮನಿಯ ಕರೆಂಟ್ ಸಂಪರ್ಕದ ನಂಬರ್, ಹೆಚ್ಚಾಗಿ ಮಾಲೀಕರ ಹೆಸರಿನಾಗ ಇರ್ತದ. ನಾಳೆ ಸೇಡಂ ರೋಡಿಂದ ಜೇವರ್ಗಿ ರೋಡಿಗೆ ಮನಿ ಬದಲಿಸಿದ್ರ ಪಾಲು ನಿಮ್ಮ ಜೋಡಿ ಬರ್ತದೋ, ಅಲ್ಲೇ ಉಳೀತದೋ? ಐದು ವರ್ಷ ಬಿಡಂಗಿಲ್ಲ ಅಂದ್ರ ನಾ ಅಂತೂ ಸಹಿ ಹಾಕಂಗಿಲ್ಲ.

ಹಾಂ, ಕರೆಂಟ್ ಹೋದಾಗ ಇದರಿಂದ ಫ್ಯಾನ್ ತಿರುಗಂಗಿಲ್ರಿ. ಇನ್ವರ್ಟರ್ ಮಾರಬ್ಯಾಡ್ರಿ.