ಒಂಬತ್ತನೇ ಪ್ರಶ್ನೆಗೆ ಯಾಕೆ ಸೊನ್ನೆ?

ಮನಸ್ಸಿನ ಕಷ್ಟ ಹೇಳಿಕೊಂಡು ಒಬ್ಬ ಹೆಣ್ಣುಮಗಳು ಈ ಅಂಕಣಕ್ಕೆ ಬರೆದ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರೆದವರಿಗೆ ಆವತ್ತೇ ನೇರವಾಗಿ ಉತ್ತರ ಕಳಿಸಿದೆ, ಮಾರನೇ ದಿನ ಅವರ ಜೊತೆ ಮಾತೂ ಆಯಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವರು ಮಾಡಿದ್ದನ್ನೇ ಇನ್ನೂ ಎಷ್ಟೋ ಮನೆಗಳಲ್ಲಿ, ದೀಪ ಆರಿಸಿದ ಮೇಲೆ, ಎಷ್ಟೋ ಜನ ಮಾಡುತ್ತಿರಬಹುದು ಎನ್ನುವ ಅಂಜಿಕೆ ನನಗಿದೆ.

ಅವರಿಗೆ 36 ವರ್ಷ. ಹರಿಹರದ ಹತ್ತಿರ ಊರು. ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಅತ್ತೆ ಇದ್ದಾರೆ. ನಾಲ್ಕು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ಕಣ್ಣು ಮುಚ್ಚುವುದಿಲ್ಲ. ಫೋನ್ ರಿಂಗಾದರೆ ಎದೆ ಡವಡವ. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಮಿಲ್ಲಿನ ಪುಸ್ತಕದಲ್ಲಿ ಎರಡು ಸಲ ಕೂಡುವುದು ತಪ್ಪಿ ಸಾಹುಕಾರರಿಂದ ಮಾತು ಕೇಳಿದ್ದಾರೆ.

ಒಂದು ರಾತ್ರಿ ಫೋನಿನಲ್ಲಿ ಹುಡುಕಿದಾಗ ಪಿಎಚ್‌ಕ್ಯೂ-9 ಮತ್ತು ಜಿಎಡಿ-7 ಎನ್ನುವ ಎರಡು ಪ್ರಶ್ನೆಪಟ್ಟಿ ಕನ್ನಡದಲ್ಲೇ ಸಿಕ್ಕವು. ಮೊದಲನೆಯದು ಖಿನ್ನತೆಗೆ, ಎರಡನೆಯದು ಆತಂಕಕ್ಕೆ. ಖಿನ್ನತೆಯದರಲ್ಲಿ ಮೊದಲ ಸಲ 16 ಬಂತು. ಒಂದು ಗಂಟೆ ಬಿಟ್ಟು ಮಾಡಿದರೆ 13. ಮಾರನೇ ದಿನ 18, ಅದರ ಮರುದಿನ 15. ಆತಂಕದ್ದು 14. "ದಿನವಿಡೀ ಲೆಕ್ಕ ಬರೆಯುವ ನನಗೆ ಇದೊಂದು ಲೆಕ್ಕ ತಾಳೆಯಾಗುತ್ತಿಲ್ಲ. ಇದಕ್ಕಿಂತ ಸರಿಯಾದ ಟೆಸ್ಟ್ ಇದ್ದರೆ ತಿಳಿಸಿ" ಎಂದು ಕೇಳಿದ್ದಾರೆ.

ಎರಡನೇ ಪುಟದ ಕೊನೆಗೆ, ಕಂಸದೊಳಗೆ, ಒಂದು ಸಾಲು ಸಿಕ್ಕಿತು. "ಒಂಬತ್ತನೇ ಪ್ರಶ್ನೆಗೆ ಮಾತ್ರ ಪ್ರತಿ ಸಲ ಸೊನ್ನೆಯೇ ಒತ್ತಿದ್ದೇನೆ. ಫೋನು ಮಗನ ಕೈಗೂ ಹೋಗುತ್ತದಲ್ಲ."

ತಂಗಿ, ಇಷ್ಟು ದೊಡ್ಡ ಮಾತನ್ನು ಕಂಸದಲ್ಲಿ ಹಾಕಿ ಮುಂದೆ ಹೋಗಿಬಿಟ್ಟಿರಲ್ಲ!

ಓದುಗರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಎಲ್ಲವೂ ಕಳೆದ ಎರಡು ವಾರದ ಬಗ್ಗೆ. ಯಾವುದರಲ್ಲೂ ಆಸಕ್ತಿ ಇಲ್ಲವಾ, ಮನಸ್ಸು ಕುಗ್ಗಿದೆಯಾ, ನಿದ್ದೆ ಹೇಗೆ, ಸುಸ್ತು ಇದೆಯಾ, ಊಟ ಸೇರುತ್ತದಾ, ಹೀಗೆ ಸಾಗುತ್ತದೆ. ಒಂಬತ್ತನೆಯದು ಬೇರೆ ಥರದ್ದು. ಸತ್ತುಹೋಗಿದ್ದರೆ ಚೆನ್ನಾಗಿತ್ತು ಎನ್ನುವ ಯೋಚನೆ, ಅಥವಾ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಎಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಎಂದರೆ 2, ಹೆಚ್ಚೂಕಡಿಮೆ ದಿನಾ ಎಂದರೆ 3. ಎಲ್ಲ ಕೂಡಿದರೆ ಗರಿಷ್ಠ 27. 5ರಿಂದ ಸಣ್ಣ ಮಟ್ಟದ್ದು, 10ರಿಂದ ಮಧ್ಯಮ, 15ರಿಂದ ತೀವ್ರದ ಹತ್ತಿರ, 20ರಿಂದ ತೀವ್ರ. 2001ರಿಂದ ಜಗತ್ತಿನ ಎಷ್ಟೋ ದೇಶಗಳ ವೈದ್ಯರು ಇದನ್ನು ಬಳಸುತ್ತಿದ್ದಾರೆ. ಆತಂಕದ ಜಿಎಡಿ-7 ಬಂದಿದ್ದು 2006ರಲ್ಲಿ. ಅದರಲ್ಲಿ ಏಳು ಪ್ರಶ್ನೆ, ಗರಿಷ್ಠ 21. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ದುಡ್ಡು ಕೇಳುವ, ಫೋನ್ ನಂಬರ್ ಕೊಡದೆ ಉತ್ತರ ತೋರಿಸದ ಟೆಸ್ಟ್‌ಗಳಿಂದ ದೂರ ಇರಿ.

ನಿಮ್ಮ ಲೆಕ್ಕ ಯಾಕೆ ತಾಳೆಯಾಗಲಿಲ್ಲ ಗೊತ್ತಾಯಿತಾ? ಎರಡು ವಾರದ ಲೆಕ್ಕ ಕೇಳುವ ಪಟ್ಟಿಯನ್ನು ಗಂಟೆಗೊಮ್ಮೆ ತುಂಬಿದರೆ ಅದರಲ್ಲಿ ಆ ಗಂಟೆಯ ಭಯ ಮಾತ್ರ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಕಲಂ ಬೇಕೆಂದೇ ಖಾಲಿ ಬಿಟ್ಟು ಕೂಡಿದರೆ ಯಾವ ಪುಸ್ತಕ ತಾಳೆಯಾಗುತ್ತದೆ? ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಒಂದು ಕಲಂಗೆ ಒಟ್ಟು ಮೊತ್ತದ ಹಂಗೂ ಇಲ್ಲ. ಒಟ್ಟು ಬರೀ 6 ಬಂದು, ಒಂಬತ್ತನೆಯದಕ್ಕೆ 1 ಇದ್ದರೂ ವೈದ್ಯರು ಪಟ್ಟಿ ಪಕ್ಕಕ್ಕಿಟ್ಟು ನಿಮ್ಮ ಮುಖ ನೋಡಿ ಮಾತಾಡುತ್ತಾರೆ. ಮಾತಾಡಲೇಬೇಕು. ಹಾಗಾಗಿ ಇದಕ್ಕಿಂತ ಸರಿಯಾದ ಟೆಸ್ಟ್ ನಿಮಗೆ ಬೇಕಾಗಿಲ್ಲ. ಇದೇ ಸಾಕು, ನಿಜ ಬರೆದರೆ.

ಇನ್ನೊಂದು ಮಾತು. ಈ ಪಟ್ಟಿ ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. ಜ್ವರ 102 ಎಂದು ಅದು ಹೇಳುತ್ತದೆ, ಮಲೇರಿಯಾನೋ ಟೈಫಾಯ್ಡೋ ಎಂದು ಹೇಳುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಿದ್ದರೂ, ಬಿ12 ಇಲ್ಲದಿದ್ದರೂ ಸುಸ್ತು, ಮಂಕು, ನಿದ್ದೆಗೇಡು ಎಲ್ಲ ಬರುತ್ತವೆ. ಅದಕ್ಕೇ ರಕ್ತಪರೀಕ್ಷೆ ಮಾಡಿಸಿ ಎಂದು ನಾನು ಈ ಅಂಕಣದಲ್ಲಿ ಪದೇಪದೇ ಹೇಳುವುದು. ಚಿತ್ರದುರ್ಗದಲ್ಲಿದ್ದ ನನ್ನ ಚಿಕ್ಕಮ್ಮನ ಕಥೆ ಇದಕ್ಕೆ ಉಲ್ಟಾ. ಎದೆ ಹಿಡಿದಂತಾಗುತ್ತದೆ ಎಂದು ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಮನಸ್ಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ಮನೆಯವರಾದ ನಾವೂ ಕೇಳಲಿಲ್ಲ. ಆ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ.

ಈಗ ನಿಮ್ಮ ಭಾವನ ವಿಷಯ. ಪತ್ರದಲ್ಲಿ ನೀವು ಅವರನ್ನು ಹೊಗಳಿದ್ದೀರಿ. "ಅಕ್ಕನ ಗಂಡನದು ಮೆಡಿಕಲ್ ಶಾಪ್ ಇದೆ, ಪಾಪ ಅವರೇ ನಿದ್ದೆ ಮಾತ್ರೆ ಕೊಡುತ್ತಿದ್ದಾರೆ, ಅರ್ಧ ನುಂಗಿದರೆ ಸಾಕು ಎಂದಿದ್ದಾರೆ." ನನಗೆ ಸಿಟ್ಟು ಬಂದಿದ್ದು ಇಲ್ಲಿ. ನೀವು ಬರೆದ ಮಾತ್ರೆಯ ಹೆಸರು ನೋಡಿದೆ, ಅದು ಆಲ್‌ಪ್ರಜೋಲಾಮ್. ಎಚ್1 ಪಟ್ಟಿಗೆ ಸೇರಿದ್ದು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಅಭ್ಯಾಸವಾಗಿಬಿಡುವ ಮಾತ್ರೆ ಅದು. ಒಮ್ಮೆಗೇ ನಿಲ್ಲಿಸಿದರೆ ಇನ್ನೊಂದು ತೊಂದರೆ. ಅಂಥದ್ದನ್ನು ಖಿನ್ನತೆ ಇದೆಯಾ ಎಂದೂ ವಿಚಾರಿಸದೆ, ಸ್ಟ್ರಿಪ್‌ಗಟ್ಟಲೆ ನಿಮ್ಮ ಅಲಮಾರಿಗೆ ಸೇರಿಸುತ್ತಿದ್ದಾರೆ. ಒಂಬತ್ತನೇ ಪ್ರಶ್ನೆಯನ್ನು ಮುಚ್ಚಿಟ್ಟಿರುವ ಹೆಣ್ಣುಮಗಳ ಅಲಮಾರಿಗೆ! ಅವರ ಮನಸ್ಸು ಒಳ್ಳೆಯದೇ ಇರಬಹುದು. ನಾಲ್ಕು ತಿಂಗಳು ನೀವು ವೈದ್ಯರ ಹತ್ತಿರ ಹೋಗದಿರಲು ಅವರೇ ಕಾರಣ ಎಂದು ನಾನು ಹೇಳುತ್ತೇನೆ. ಭಾವನವರೇ, ಇದನ್ನು ಓದುತ್ತಿದ್ದರೆ ಕೇಳಿ. ಇನ್ನು ಒಂದು ಮಾತ್ರೆಯನ್ನೂ ಹೀಗೆ ಕೊಡಬೇಡಿ.

ನಿಮ್ಮ ಯಜಮಾನರು "ಧೈರ್ಯ ತಂದ್ಕೋ" ಎಂದರಂತೆ. ಆ ಮಾತು ನನಗೆ ಯಾವತ್ತೂ ಆಗಿಬರುವುದಿಲ್ಲ. ಆದರೆ ಅವರಿಗೆ ನೀವು ಪೂರ್ತಿ ಹೇಳಿಯೂ ಇಲ್ಲ, ಅಲ್ವಾ? ಮುಂದಿನ ಸಲ ಬಂದಾಗ ಹೇಳಿ.

ಅತ್ತೆಯವರ ಬಗ್ಗೆ ನೀವು ಬರೆದಿದ್ದು ಬರೀ ದೂರು. ದೃಷ್ಟಿ ತೆಗೆದರು, ದುಗ್ಗಮ್ಮನಿಗೆ ಹರಕೆ ಹೊತ್ತರು, ತಟ್ಟೆ ಮುಂದೆ ಕೂತು ತಿನ್ನು ತಿನ್ನು ಎಂದು ಪೀಡಿಸುತ್ತಾರೆ. ನನ್ನ ಕಣ್ಣಿಗೆ ಬೇರೆಯೇ ಕಂಡಿತು. ನೀವು ಊಟ ಬಿಟ್ಟಿದ್ದನ್ನು ಆ ಮನೆಯಲ್ಲಿ ಮೊದಲು ಗಮನಿಸಿದವರು ಅವರು. ಬೆಳಗಿನ ಜಾವ ನೀವು ಎದ್ದು ಅಂಗಳದಲ್ಲಿ ಕೂತಾಗ "ಯಾಕವ್ವಾ, ನಿದ್ದೆ ಬರವಲ್ದೇನು" ಎಂದು ಕೇಳಿದವರೂ ಅವರೇ. ತಮಗೆ ಗೊತ್ತಿದ್ದ ಔಷಧ ಮಾಡಿದರು ಅಷ್ಟೇ. ಆ ಜೀವ ನಿಮ್ಮ ಪರವಾಗಿದೆ. ಅವರಿಗೆ ಹೇಳಿ. ಖಿನ್ನತೆ ಎನ್ನುವ ಪದ ಬೇಡ. "ಅತ್ತೀ, ಬದುಕೇ ಬ್ಯಾಡ ಅನ್ನಿಸ್ತತಿ, ನನ್ನ ಜೊತಿಗೆ ಆಸ್ಪತ್ರಿಗೆ ಬರ್ರಿ" ಎಂದರೆ ಸಾಕು. ಆ ಸ್ಟ್ರಿಪ್‌ಗಳನ್ನೂ ಇವತ್ತೇ ಅವರ ಕೈಗೆ ಕೊಡಿ. ವೈದ್ಯರು ನೋಡುವ ತನಕ ರಾತ್ರಿಯ ಅರ್ಧ ಮಾತ್ರೆ ಅವರೇ ತೆಗೆದುಕೊಡಲಿ. ಉಳಿದದ್ದು ನಿಮ್ಮ ಕೈಗೆ ಸಿಗದ ಜಾಗದಲ್ಲಿರಲಿ.

ದಾವಣಗೆರೆಯಲ್ಲಿ ಏನಿದೆ ಎಂದು ಕೇಳಿದ್ದೀರಿ. ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು, ಅಷ್ಟು ದುಡ್ಡೆಲ್ಲಿ ಎನ್ನುವ ಹೆದರಿಕೆ ನಿಮ್ಮ ಮಾತಿನಲ್ಲಿದೆ. ಬೇಕಾಗಿಲ್ಲ. ಮನಸ್ಸಿನ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಮಾಡಿ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಿಮಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹೊರರೋಗಿ ಚೀಟಿ ಮಾಡಿಸುವಾಗ ಮನೋವೈದ್ಯರು ಎನ್ನಿ, ಸಾಕು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎನ್ನುವ ಕಾರ್ಯಕ್ರಮವನ್ನೂ ಸರ್ಕಾರ ಶುರು ಮಾಡಿತ್ತು. ಜಗಳೂರು, ಚನ್ನಗಿರಿ, ಚಳ್ಳಕೆರೆ, ಹೊಸದುರ್ಗ ಕಡೆಯ ಓದುಗರು ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ.

ರಾತ್ರಿ ಮೂರು ಗಂಟೆಗೆ ಆಸ್ಪತ್ರೆ ಎಲ್ಲಿ ಎನ್ನುತ್ತೀರಾ? ಆ ಹೊತ್ತಿಗೆ 14416 ಇದೆ. ಟೆಲಿ ಮಾನಸ್ ಎಂದು ಹೆಸರು, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನದ 24 ಗಂಟೆ, ಪುಕ್ಕಟೆ. ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಏನು ಹೇಳಬೇಕು ಎಂದು ತೋಚದಿದ್ದರೆ "ಒಂಬತ್ತನೇ ಪ್ರಶ್ನೆಗೆ ಸುಳ್ಳು ಒತ್ತಿದ್ದೇನೆ" ಎನ್ನಿ, ಅವರಿಗೆ ಅರ್ಥವಾಗುತ್ತದೆ. ಇನ್ನು ತಡೆಯಲಾರೆ ಎನಿಸಿದ ಕ್ಷಣದಲ್ಲಿ ಅತ್ತೆಯನ್ನು ಎಬ್ಬಿಸಿ, 112ಕ್ಕೆ ಕರೆ ಮಾಡಿ. ಒಬ್ಬರೇ ಕೂರಬೇಡಿ.

ಪರಿಚಯದವರು ನೋಡಿಬಿಟ್ಟರೆ, ಮಿಲ್ಲಿಗೆ ಗೊತ್ತಾದರೆ ಎನ್ನುವ ಚಿಂತೆ ನಿಮಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಆಸ್ಪತ್ರೆಯವರು ಗುಟ್ಟಾಗಿಡಬೇಕು. ಸಾಲಿನಲ್ಲಿ ಊರಿನವರು ಯಾರಾದರೂ ಸಿಕ್ಕರೆ ಸಿಗಲಿ. ಅವರೂ ಯಾವುದೋ ನೋವಿಗೆ ಬಂದವರೇ.

ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಬಿಡಬೇಡಿ. ಸಮಾಲೋಚನೆಗೆ ಕರೆದರೆ ತಪ್ಪಿಸಬೇಡಿ.

ಬಾಕಿ ಎಲ್ಲ ಮರೆತರೂ ಪರವಾಗಿಲ್ಲ, ಇದೊಂದು ಮಾಡಿ. ಫೋನಿನಲ್ಲಿ ಆ ಪಟ್ಟಿಯನ್ನು ಇನ್ನೊಂದು ಸಲ ತುಂಬಬೇಡಿ. ಮಗನ ಹಳೆಯ ನೋಟ್‌ಬುಕ್‌ನಿಂದ ಒಂದು ಹಾಳೆ ಹರಿದುಕೊಳ್ಳಿ. ಒಂದರಿಂದ ಒಂಬತ್ತರವರೆಗೆ ಅಂಕಿ ಹಾಕಿ, ಎದುರಿಗೆ ನಿಜವಾದ ಉತ್ತರ ಬರೆಯಿರಿ. ಕೂಡಬೇಡಿ, ಅದು ವೈದ್ಯರ ಕೆಲಸ. ನುಂಗುತ್ತಿರುವ ಮಾತ್ರೆಯ ಹೆಸರನ್ನು ಕೆಳಗೆ ಬರೆಯಿರಿ. ಮಡಚಿ ಪರ್ಸಿನಲ್ಲಿಡಿ. ಬಾಯಿ ಬಾರದಿದ್ದರೆ ಏನೂ ಮಾತಾಡಬೇಡಿ, ಆ ಹಾಳೆಯನ್ನು ವೈದ್ಯರ ಮೇಜಿನ ಮೇಲಿಡಿ. ಮಿಲ್ಲಿಗೆ ಮಂಗಳವಾರ ರಜೆ ಎಂದು ಬರೆದಿದ್ದೀರಿ. ಆವತ್ತು ಬೆಳಗ್ಗೆ ಎಂಟರ ಬಸ್ಸಿಗೆ ಅತ್ತೆಯ ಜೊತೆ ಹೊರಡಿ. ಸಾಲು ಉದ್ದ ಇರುತ್ತದೆ, ಅವರಿಗೆ ಬುತ್ತಿ ಕಟ್ಟಿಕೊಳ್ಳಲು ಹೇಳಿ.