ಸೂಜಿ ಎರಡು, ಕೋಡ್ ಆರು ಹೇಗೆ?

ಪ್ರಶ್ನೆ: ಕುಶಾಲನಗರದ ಮನೆಯಿಂದಲೇ ಅಮೆರಿಕದ ಒಂದು ಮಕ್ಕಳ ಕ್ಲಿನಿಕ್‌ನ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ, ಸೇರಿ ಮೂರು ತಿಂಗಳಾಯಿತು. ಮೊನ್ನೆ ರಾತ್ರಿ ಜೋರು ಮಳೆ, ಕರೆಂಟ್ ಹೋಗುವುದರೊಳಗೆ ಮುಗಿಸೋಣ ಅಂತ ಒಂದು ಕ್ಲೇಮ್ (ವಿಮಾ ಕಂಪನಿಗೆ ಕಳಿಸುವ ಬಿಲ್) ಮಾಡಿದೆ. ನಾಲ್ಕು ವರ್ಷದ ಮಗು, ಡಿಟಿಎಪಿ ಮತ್ತು ಎಂಎಂಆರ್ ಲಸಿಕೆ ಹಾಕಿದ್ದಾರೆ. ಲಸಿಕೆ ಹಾಕಿದ ಕೆಲಸದ ಕೋಡ್ 90460, ಅದನ್ನು ಎರಡು ಯೂನಿಟ್ ಬರೆದೆ. ಟೀಮ್ ಲೀಡರ್ ‘ಇನ್ನೂ ನಾಲ್ಕು ಬಿಟ್ಟಿದ್ದೀರಿ’ ಅಂದರು. ಎರಡೇ ಸೂಜಿಗೆ ಆರು ಹೇಗೆ?
– ಓದುಗರು, ಕುಶಾಲನಗರ

ಉತ್ತರ: ಅವರು ಹೇಳಿದ್ದು ಸರಿ. ಈ ಕೋಡ್‌ನಲ್ಲಿ ಸೂಜಿ ಎಣಿಸುವುದಿಲ್ಲ, ಲಸಿಕೆ ಎಷ್ಟು ಕಾಯಿಲೆ ತಡೆಯುತ್ತದೆ ಅಂತ ಎಣಿಸುತ್ತಾರೆ. ನಮ್ಮಲ್ಲಿ ಒಂದೂವರೆ ತಿಂಗಳ ಮಗುವಿಗೆ ಪೆಂಟಾವೇಲೆಂಟ್ ಹಾಕಿಸುತ್ತೇವಲ್ವಾ? ತಾಯಿ ಕಾರ್ಡ್‌ನಲ್ಲಿ ಹೆಸರು ಒಂದೇ, ತೊಡೆಗೆ ಚುಚ್ಚುವುದೂ ಒಂದೇ ಸಲ, ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಿದುಳು ಜ್ವರ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಅಂತ ಐದನ್ನು ತಡೆಯುತ್ತದೆ. ಆ ಒಂದೊಂದನ್ನೂ ಅಲ್ಲಿನವರು ಕಾಂಪೊನೆಂಟ್ ಅನ್ನುತ್ತಾರೆ.

ಡಿಟಿಎಪಿಯಲ್ಲಿ ಮೂರು: ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು. ಎಂಎಂಆರ್‌ನಲ್ಲೂ ಮೂರು: ದಡಾರ, ಮಂಗನಬಾವು, ರುಬೆಲ್ಲಾ. ಪ್ರತಿ ಲಸಿಕೆಯ ಮೊದಲ ಕಾಂಪೊನೆಂಟ್‌ಗೆ 90460, ಉಳಿದ ಒಂದೊಂದಕ್ಕೂ 90461. ಹಾಗಾಗಿ 90460 ಎರಡು, 90461 ನಾಲ್ಕು. ಲಸಿಕೆಯ ಕೋಡ್‌ಗಳು ಬೇರೆ, ಡಿಟಿಎಪಿಗೆ 90700, ಎಂಎಂಆರ್‌ಗೆ 90707, ಡಯಾಗ್ನೋಸಿಸ್ ಜಾಗದಲ್ಲಿ ಝಡ್23, ಅಂದರೆ ಲಸಿಕೆಗಾಗಿ ಬಂದದ್ದು ಅಂತ. ರೋಟಾಟೆಕ್ (ರೋಟಾವೈರಸ್ ಭೇದಿಯ ಲಸಿಕೆ) ಬಂದಾಗ ಮಾತ್ರ ಹುಷಾರು. ಅದರಲ್ಲಿ ಐದು ತಳಿ ಇದ್ದರೂ ಕಾಯಿಲೆ ಒಂದೇ, 90461 ಸೇರಿಸಬೇಡಿ.

ಆದರೆ ಇದಕ್ಕಿಂತ ಮುಖ್ಯವಾದ್ದು ಒಂದಿದೆ. 90460 ಹಾಕಬೇಕಾದರೆ ಮಗುವಿಗೆ 19 ತುಂಬಿರಬಾರದು (18 ತುಂಬಿದವರೂ ಸೇರುತ್ತಾರೆ), ಜೊತೆಗೆ ಡಾಕ್ಟರ್ ಅಥವಾ ಅವರಷ್ಟೇ ಅಧಿಕಾರ ಇರುವ ನರ್ಸ್ ಪ್ರಾಕ್ಟೀಷನರ್‌ನಂಥವರು ಅವತ್ತೇ ಅಪ್ಪ ಅಮ್ಮನ ಹತ್ತಿರ ಲಸಿಕೆಯ ಬಗ್ಗೆ ಮಾತಾಡಿರಬೇಕು, ಮಾತಾಡಿದ್ದು ಚಾರ್ಟ್‌ನಲ್ಲಿ ಬರೆದಿರಬೇಕು. ನಾನು ಹೊಸದರಲ್ಲಿ ‘ತಾಯಿಗೆ ಮಾಹಿತಿ ಹಾಳೆ ಕೊಟ್ಟಿದೆ’ ಅನ್ನುವ ಒಂದು ಸಾಲು ನೋಡಿ 90460 ಹಾಕಿಬಿಟ್ಟಿದ್ದೆ. ಹಾಳೆ ಕೊಟ್ಟಿದ್ದು ನರ್ಸ್, ಕೆಳಗೆ ಸಹಿಯೂ ಅವರದ್ದೇ, ಡಾಕ್ಟರ್ ಮಾತಾಡಿದ್ದರು ಅನ್ನುವುದಕ್ಕೆ ಒಂದು ಪದವೂ ಇರಲಿಲ್ಲ. ಬರೆಯದೇ ಇದ್ದದ್ದನ್ನು ನಾವು ಊಹಿಸಿ ಬಿಲ್ ಮಾಡಿದರೆ ಅದು ತಪ್ಪು ಬಿಲ್ಲೇ. ನರ್ಸ್ ಮಾತ್ರ ಇದ್ದರೆ ಮೊದಲ ಸೂಜಿಗೆ 90471, ಎರಡನೆಯದಕ್ಕೆ 90472. ಅಲ್ಲಿ ನಿಮ್ಮ ಎರಡರ ಲೆಕ್ಕ ಸರಿಯಾಗುತ್ತದೆ, ಯಾಕೆಂದರೆ ಅಲ್ಲಿ ಕಾಂಪೊನೆಂಟ್ ಕೇಳುವುದಿಲ್ಲ.

ಅದೇ ದಿನ ಮಗುವಿನ ವಾರ್ಷಿಕ ತಪಾಸಣೆಯೂ ಆಗಿದ್ದರೆ, ಹಳೇ ಪೇಷಂಟ್ ಆದರೆ, ಆ ತಪಾಸಣೆಯ ಕೋಡ್ 99392ಕ್ಕೆ ಮಾಡಿಫೈಯರ್ 25 (ಅದೇ ದಿನ ಇದು ಬೇರೆಯೇ ಸೇವೆ ಅಂತ ತೋರಿಸುವ ಗುರುತು) ಸೇರಿಸಿ. ಅದಿಲ್ಲದೆ ತಪಾಸಣೆಯ ದುಡ್ಡು ನಿಂತುಹೋಗುವುದು ಜಾಸ್ತಿ. ಈಗ ಆ ಚಾರ್ಟ್ ಮತ್ತೆ ತೆಗೆದು ಡಾಕ್ಟರ್ ಏನು ಬರೆದಿದ್ದಾರೆ ಅಂತ ಮೊದಲು ಓದಿ, ಆಮೇಲೆ ಯೂನಿಟ್ ಬದಲಿಸಿ.